ಸೋಮವಾರ ಸುಮ್ಮನಾಗುವ ಪೆಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಜಾಸ್ತಿ. ಬೇರೆಯವರಿಗೆ ಅದು ಮೂಗಿನ ತುದಿಯಲ್ಲಿರುತ್ತದೆ, ನನ್ನದು ಮೂಗಿಗಿಂತ ಒಂದು ಗೇಣು ಮುಂದೆ. ಯಮಕನಮರಡಿಯ ಹೈವೇ ಬದಿಗೆ ಟೈರಿನ ಅಂಗಡಿ ಇಟ್ಟಿರುವ ಶಿದ್ರಾಮನ ಮಗಳು ಶೋಭಾ ಎಂದರೆ, ಪಂಕ್ಚರ್ ಹಾಕಿಸಲು ನಿಂತ ಲಾರಿ ಡ್ರೈವರುಗಳೂ ಹಾರ್ನಿನ ಮೇಲಿಂದ ಕೈ ತೆಗೆಯುತ್ತಾರೆ. ನನ್ನನ್ನು ನೋಡಲು ಬಂದ ಮೂರು ವರಗಳು ಅವಲಕ್ಕಿ ಅರ್ಧಕ್ಕೇ ಬಿಟ್ಟು ಎದ್ದುಹೋಗಿವೆ. ಅದರಲ್ಲಿ ನನ್ನ ತಪ್ಪೇನೂ ಇಲ್ಲ. "ಮಣ್ಣ ಪರೀಕ್ಷಾ ಅಂದ್ರ ಏನ್ ಮಾಡ್ತಿ, ನೆಕ್ಕಿ ನೋಡ್ತಿ ಏನು?" ಎಂದು ಹಲ್ಲು ಕಿರಿದವನಿಗೆ ಯಾರು ತಾನೇ ಚಹಾ ಕೊಡುತ್ತಾರೆ?

ಗೋಕಾಕದ ರೈತ ಸಂಘದ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ನಾನು ಐದು ವರ್ಷದಿಂದ ಇದ್ದೇನೆ. ರೈತರು ಚೀಲದಲ್ಲಿ ಹೊಲದ ಮಣ್ಣು ತರುತ್ತಾರೆ. ನಾನು ಅದನ್ನು ಒಣಗಿಸಿ, ಜರಡಿ ಹಿಡಿದು, ನೀರಲ್ಲಿ ಕದಡಿ ಐದು ಯಂತ್ರಗಳಿಗೆ ತೋರಿಸುತ್ತೇನೆ. ಒಂದು ತೂಕ ಹೇಳುತ್ತದೆ, ಒಂದು ಮಣ್ಣು ಹುಳಿಯೋ ಚೌಳೋ ಎಂದು ಹೇಳುತ್ತದೆ, ಒಂದು ಉಪ್ಪಿನಂಶ ಅಳೆಯುತ್ತದೆ. ಇನ್ನೊಂದು ಬಣ್ಣ ನೋಡಿ ರಂಜಕ ಎಷ್ಟಿದೆ ಎನ್ನುತ್ತದೆ. ಐದನೆಯದು ಉರಿಯೊಳಗೆ ನೀರು ಸಿಂಪಡಿಸಿ ಪೊಟ್ಯಾಶ್ ಲೆಕ್ಕ ಕೊಡುತ್ತದೆ. ಇವೆಲ್ಲ ಹೇಳಿದ್ದನ್ನು ನಾನು ವಹಿಯಲ್ಲಿ ಬರೆದುಕೊಂಡು, ವಹಿಯಿಂದ ಕಂಪ್ಯೂಟರಿಗೆ ಹಾಕಿ, ಕಾರ್ಡು ತೆಗೆದು ರೈತರ ಕೈಗೆ ಕೊಡಬೇಕು.

ದಿನಕ್ಕೆ ನೂರು ಮಣ್ಣು ಬಂದರೆ ಕಣ್ಣು ಕತ್ತಲೆ ಬರುತ್ತದೆ. ಒಮ್ಮೆ ಕೌಜಲಗಿಯ ರೈತರೊಬ್ಬರ ಕಪ್ಪು ಮಣ್ಣಿನ ಹುಳಿ-ಚೌಳಿನ ಅಂಕಿ ೮.೪ ನನ್ನ ಕೈಯಲ್ಲಿ ೪.೮ ಆಗಿ ಕಾರ್ಡಿಗೆ ಇಳಿಯಿತು. ಹೊಲ ಹುಳಿಯಾಗಿದೆ ಎಂದು ಅವರು ಟ್ರ್ಯಾಕ್ಟರಿನಲ್ಲಿ ಸುಣ್ಣ ಹೇರಿಕೊಂಡು ಹೊರಟಿದ್ದರು. ದಾರಿಯಲ್ಲಿ ಲ್ಯಾಬಿಗೆ ಬಂದು "ಎಷ್ಟ್ ಚೆಲ್ಲಬೇಕ್ರಿ?" ಎಂದು ಕೇಳಿದ್ದಕ್ಕೆ ಹೊಲ ಉಳಿಯಿತು. ಅವತ್ತು ಮೊದಲ ಬಾರಿಗೆ ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ನಮ್ಮ ಲ್ಯಾಬಿನ ಮುಖ್ಯಸ್ಥೆ ದಾಕ್ಷಾಯಿಣಿ ಮೇಡಂ ಬೈಯಲಿಲ್ಲ. "ನಡುವ ನೀ ಯಾಕ ಬೇಕು? ಮಷಿನ್ನು ತಾವಾ ಕಂಪ್ಯೂಟರಿಗೆ ಹೇಳಲಿ," ಅಂದರು. ಹಾಗೆ ಹುಕ್ಕೇರಿಯಿಂದ ಬಸವಲಿಂಗ ಬಂದ.

ಹುಕ್ಕೇರಿಯ ಬಸ್‌ ಸ್ಟ್ಯಾಂಡಿನ ಹತ್ತಿರ ಅವನಿಗೆ ಕಂಪ್ಯೂಟರ್ ರಿಪೇರಿಯ ಪುಟ್ಟ ಅಂಗಡಿ ಇದೆ. ಹಳೇ ಬೈಕು, ಹೆಗಲಿಗೆ ಚೀಲ, ಚೀಲದ ತುಂಬ ನೀಲಿ ತಂತಿ. ಬಂದವನು ಯಾರನ್ನೂ ಮಾತಾಡಿಸದೆ ಐದೂ ಯಂತ್ರಗಳ ಬೆನ್ನು ನೋಡುತ್ತ ಸುತ್ತಿದ. ಎರಡು ಹೊಸವು, ತಂತಿ ಸಿಕ್ಕಿಸಿದರೆ ಮುಗಿಯಿತು. ಮೂರು ಹಳೆಯವು, ಅವುಗಳ ಬೆನ್ನಿಗೆ ಒಂಬತ್ತು ಮೊಳೆಯ ಹಳೇ ಕಾಲದ ಬಾಯಿ. ಅವಕ್ಕೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದೊಂದು ಡಬ್ಬಿ ಜೋಡಿಸಿ, ಡಬ್ಬಿಯಿಂದ ತಂತಿ ಎಳೆದ. ಎಲ್ಲ ತಂತಿಗಳೂ ಹಿಂದಿನ ಮಣ್ಣಿನ ಕೋಣೆಯಲ್ಲಿ, ಎತ್ತರದ ಹಲಗೆಯ ಮೇಲಿಟ್ಟ ಒಂದು ಕಪ್ಪು ಪೆಟ್ಟಿಗೆಗೆ ಹೋಗಿ ಸೇರಿದವು. ಆ ಪೆಟ್ಟಿಗೆಯಿಂದ ಒಂದೇ ತಂತಿ ನನ್ನ ಕಂಪ್ಯೂಟರಿಗೆ.

"ಪ್ರತಿ ಮಷಿನ್ನಿಗೆ ಒಂದು ನಂಬರ್ ಕೊಟ್ಟೇನ್ರಿ ಮೇಡಂ," ಅಂದ ನನಗೆ. "ಕಂಪ್ಯೂಟರ್ ಆ ನಂಬರ್ ಹಿಡದು ಕೂಗತೈತಿ. ಮನ್ಯಾಗ ಅವ್ವ ಒಳಗಿಂದ ಕೂಗಿದ್ರ ನಾವು ಓ ಅನ್ನೂದಿಲ್ಲೇನ್ರಿ, ಹಂಗ ಮಷಿನ್ನು ಓ ಅನ್ನಬೇಕು. ಅಂತಂದ್ರ ತಂತಿ ಚಾಲೂ ಐತಿ ಅಂತ."

ನಾಲ್ಕು ಯಂತ್ರಗಳು ಓ ಅಂದವು. ಉರಿಯ ಯಂತ್ರ ಮಾತ್ರ ಎಷ್ಟು ಕೂಗಿದರೂ ಉಸಿರೆತ್ತಲಿಲ್ಲ. ಬಸವಲಿಂಗ ಮೇಜಿನ ಕೆಳಗೆ ಮಲಗಿ ಎರಡು ತಾಸು ಒದ್ದಾಡಿದ. ಹೊರಗೆ ರೈತರ ಸಾಲು ಬೆಳೆಯುತ್ತಿತ್ತು. ನನ್ನ ಸಿಟ್ಟು ಕಾದೂ ಕಾದೂ ಹೊರಬಿತ್ತು.

"ಬರತೈತೋ ಇಲ್ಲೋ ಹೇಳ್ರಿ! ಬರಲಿಲ್ಲಾಂದ್ರ ಎದ್ದು ಹೋಗ್ರಿ. ತಂತಿ ಸುತ್ತಿಕೊಂಡು ಮಲಗಾಕ ನಮ್ಮ ಮೇಜಿನ ಬುಡಾನ ಬೇಕೇನು?"

ಮೇಜಿನ ಕೆಳಗಿನಿಂದ ಶಾಂತ ದನಿ ಬಂತು. "ನೀವು ಬೈದ ಕೂಡ್ಲೆ ಓ ಅಂತ್ರಿ ಅದು. ಎಲ್ಲಿ, ಇನ್ನೊಮ್ಮಿ ಬೈರಿ, ಗಟ್ಟಿ ಆಗಲಿ."

ಹುಟ್ಟಿದಾಗಿನಿಂದ ಜನ ನನಗೆ ಬೈಯಬೇಡ ಎಂದೇ ಹೇಳುತ್ತ ಬಂದಿದ್ದಾರೆ. ಇನ್ನೊಮ್ಮೆ ಬೈ ಎಂದು ಕೇಳಿದವನು ಇವನೊಬ್ಬನೇ. ಬಾಯಿ ತೆರೆದೆ, ಬೈಗುಳ ಬರಲಿಲ್ಲ, ನಗು ಬಂತು. ನಕ್ಕ ಮೇಲೆ ಕೆಲಸ ಕೆಟ್ಟಿತು. ಅವತ್ತಿಡೀ ಕೊಳವೆಯಲ್ಲಿ ಹಾಕಬೇಕಾದ ನೀರನ್ನು ಚಹಾದ ಕಪ್ಪಿಗೆ ಹಾಕಿದೆ, ಚಹಾವನ್ನು ಎಲ್ಲಿಗೆ ಹಾಕಿದೆನೋ ದೇವರಿಗೇ ಗೊತ್ತು.

ಹೋಗುವಾಗ ಅವನು ಹೇಳಿದ ಮಾತು ಮಾತ್ರ ನನಗೆ ಹಿಡಿಸಲಿಲ್ಲ. "ಒಳಗಿನ ಪೆಟ್ಟಿಗಿ ಮುಟ್ಟಬ್ಯಾಡ್ರಿ ಮೇಡಂ. ಏನರ ಆದ್ರ ಫೋನ್ ಮಾಡ್ರಿ, ನಾ ಬರ್ತೇನಿ." ಐದು ವರ್ಷ ಆಸಿಡ್ ಬಾಟಲಿ ಹಿಡಿದ ಕೈಗೆ ಒಂದು ಪೆಟ್ಟಿಗೆ ಮುಟ್ಟಬೇಡ ಅಂದರೆ? ಆಯಿತು, ಮುಟ್ಟುವುದಿಲ್ಲ, ಸತ್ತರೂ ಮುಟ್ಟುವುದಿಲ್ಲ ಎಂದು ಅಂದುಕೊಂಡೆ.

ಈ ಕೆಲಸಕ್ಕೆ ಒಂದು ಕರಾರು ಇತ್ತು. ಒಂದು ತಿಂಗಳು ತಂತಿ ತಪ್ಪದೆ ನಡೆಯಬೇಕು. ನಡೆದರೆ ಮೂಡಲಗಿಯಲ್ಲಿ ಸಂಘ ತೆರೆಯುತ್ತಿರುವ ದೊಡ್ಡ ಲ್ಯಾಬಿನ ತಂತಿ ಕೆಲಸವೂ ಬಸವಲಿಂಗನಿಗೆ. ನಡೆಯದಿದ್ದರೆ ಹುಬ್ಬಳ್ಳಿಯ ಕಂಪನಿಯವರಿಗೆ. ಮೂಡಲಗಿಯ ಹೆಸರು ಬಂದಾಗಲೆಲ್ಲ ಅವನ ಮುಖ ಅರಳುತ್ತಿತ್ತು. ಹಳೇ ಪ್ರಿಂಟರ್ ಬಿಚ್ಚಿ ಕಟ್ಟುವ ಅಂಗಡಿಯವನಿಗೆ ಅದು ಮೊದಲ ದೊಡ್ಡ ಕೆಲಸ.

ಮೊದಲ ವಾರ ಹಬ್ಬದಂತೆ ಹೋಯಿತು. ಯಂತ್ರ ಅಳೆಯುತ್ತದೆ, ಅಂಕಿ ಕಂಪ್ಯೂಟರಿನಲ್ಲಿ ತಾನೇ ಮೂಡುತ್ತದೆ, ಕಾರ್ಡು ಹೊರಬೀಳುತ್ತದೆ. ವಹಿ ಮುಚ್ಚಿಟ್ಟೆ. ಬೆಲ್ಲದ ಬಾಗೇವಾಡಿಯ ಅಜ್ಜನೊಬ್ಬ ಕಾರ್ಡು ತಿರುಗಿಸಿ ನೋಡಿ, "ಇಷ್ಟ ಜಲ್ದಿ? ನನ್ನ ಮಣ್ಣ ಖರೇನ ನೋಡೀರಿಲ್ಲೋ?" ಎಂದು ಅನುಮಾನದಿಂದ ಕೇಳಿದ.

ಆಮೇಲೆ ಸೋಮವಾರ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಕಂಪ್ಯೂಟರ್ ಹಚ್ಚಿದರೆ ಐದರಲ್ಲಿ ಒಂದೂ ಓ ಅನ್ನಲೊಲ್ಲದು. ಯಂತ್ರಗಳೆಲ್ಲ ತಮ್ಮಷ್ಟಕ್ಕೆ ಚೆನ್ನಾಗಿವೆ, ಮುಖದ ಮೇಲೆ ಅಂಕಿ ತೋರಿಸುತ್ತಿವೆ, ಆದರೆ ಕಂಪ್ಯೂಟರಿನ ಜೊತೆ ಮಾತು ಬಿಟ್ಟಿವೆ. ಪೆಟ್ಟಿಗೆ ಮುಟ್ಟಬೇಡ ಅಂದಿದ್ದನಲ್ಲ, ಆ ಕೋಣೆಗೆ ಹೋಗಲೇ ಇಲ್ಲ. ಫೋನ್ ಹಚ್ಚಿ ಹದಿನೈದು ನಿಮಿಷ ಬೈದೆ. "ಹೊಂಟೇನ್ರಿ," ಅಂದ. ಹನ್ನೆರಡೂವರೆಗೆ ಬಂದು ಕೂತು ಕೂಗಿದ. ಐದೂ ಒಟ್ಟಿಗೇ ಓ ಅಂದವು.

"ಏನೂ ಆಗಿಲ್ಲಲ್ರಿ ಮೇಡಂ?"

"ಹಂಗಾರ ನಾ ಸುಳ್ಳ ಹೇಳಿದ್ನೇನ್ರಿ?"

ಅವನು ಊಟ ಮಾಡದೆ ನಾಲ್ಕು ಗಂಟೆಯವರೆಗೆ ತಂತಿ ತಡಕಿದ. ನನ್ನ ಬುತ್ತಿಯ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ರೊಟ್ಟಿ ತಿನ್ನುತ್ತ ಅವನು ನಂಬರುಗಳ ಬಗ್ಗೆ ಹೇಳಿದ, ನಾನು ಮಣ್ಣಿನ ಬಗ್ಗೆ ಹೇಳಿದೆ. ಮಣ್ಣು ನೆಕ್ಕಿ ನೋಡುತ್ತೀಯಾ ಎಂದು ಅವನು ಕೇಳಲಿಲ್ಲ. ಚೌಳು ಮಣ್ಣಿಗೆ ಜಿಪ್ಸಂ ಯಾಕೆ ಹಾಕುತ್ತಾರೆ ಎಂದು ಕೇಳಿದ, ಉತ್ತರ ಹೇಳುವಾಗ ಪೂರ್ತಿ ಕೇಳಿಸಿಕೊಂಡ. ಮನೆಗೆ ಹೋಗುವಾಗ ಗೋಕಾಕದ ಸಂತೆಯ ಗದ್ದಲವೆಲ್ಲ ನನಗೆ ಬ್ಯಾಂಡು ಬಾರಿಸಿದಂತೆ ಕೇಳಿಸಿತು.

ಎರಡನೇ ಸೋಮವಾರವೂ ಅದೇ ಕಥೆ. ಫೋನ್ ಮಾಡಿದೆ, ಈ ಸಲ ಐದೇ ನಿಮಿಷ ಬೈದೆ, ಅವನು ಹೊರಟ. ಅಷ್ಟರಲ್ಲಿ ರೈತರೊಬ್ಬರು ತಮ್ಮ ಚೀಲ ಕಾಣೆಯಾಗಿದೆ ಎಂದು ಕೂಗಾಡತೊಡಗಿದರು. ಹುಡುಕಲು ಮಣ್ಣಿನ ಕೋಣೆಗೆ ಹೋದೆ. ಹಲಗೆಯ ಮೇಲೆ ಪೆಟ್ಟಿಗೆಯ ದೀಪಗಳೆಲ್ಲ ಆರಿದ್ದವು. ಪೆಟ್ಟಿಗೆಯ ಹಣೆಗೆ ಮೂರು ಬೆರಳಿನ ವಿಭೂತಿ, ನೆತ್ತಿಗೆ ಒಂದು ಕೆಂಪು ದಾಸವಾಳ, ಮೇಲೊಂದು ಒಗೆದ ಟವೆಲ್ಲು. ಗೋಡೆಯ ಬಟನ್ ಆರಿಸಿತ್ತು.

ಇದು ಯಾರ ಕೆಲಸ ಎಂದು ಕೇಳಬೇಕಾಗಿಯೇ ಇರಲಿಲ್ಲ. ಬೆಳಿಗ್ಗೆ ಏಳೂವರೆಗೆ ಲ್ಯಾಬಿನ ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಮಣ್ಣಿನ ಚೀಲ ಜೋಡಿಸುವುದು ಕೌಜಲಗಿಯ ದುಂಡಪ್ಪ ಕಾಕಾನ ಕೆಲಸ. ಅರವತ್ತರ ಹತ್ತಿರದ ಮನುಷ್ಯ, ಮನೆಯಲ್ಲಿ ಎರಡು ಎತ್ತು. ಹೊರಗೆ ಬೇವಿನ ಬುಡದಲ್ಲಿ ಚೀಲ ಝಾಡಿಸುತ್ತಿದ್ದ.

"ಕಾಕಾ, ಪೆಟ್ಟಿಗಿ ಬಂದ್ ಮಾಡೀರೇನ್ರಿ?"

"ಹೂಂ ತಂಗೀ," ಅಂದ, ಮುಚ್ಚುಮರೆ ಇಲ್ಲದೆ. "ಇವತ್ತ ಸೋಮವಾರ ಅಲ್ಲನು? ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡಾಂಗಿಲ್ಲ. ಈ ಪೆಟ್ಟಿಗಿ ಹಗಲಿಲ್ಲ ರಾತ್ರಿಲ್ಲ ಕಣ್ಣ ಪಿಳಿಪಿಳಿ ಮಾಡಕೋತ ದುಡೀತೈತಿ. ಐದು ಮಷಿನ್ನಿನ ಭಾರ ಅದರ ಒಂದರ ಮ್ಯಾಲ. ಮುಟ್ಟಿದ್ರ ಮೈ ಕಾದಿರತೈತಿ ಪಾಪ, ಜ್ವರ ಬಂದಂಗ. ಪೂರಾ ದಿನ ಬಿಟ್ರ ಮೇಡಂ ಬೈತಾರ ಅಂತ ಮಧ್ಯಾಹ್ನದ ತನಕ ಅಷ್ಟ ಬಿಡ್ತೇನಿ."

ಬೈಯಲು ಎರಡು ಕೈ ಸೊಂಟಕ್ಕೆ ಇಟ್ಟುಕೊಂಡಿದ್ದೆ. ಆದರೆ ಇಂಥ ಮಾತಿಗೆ ಬೈಯುವುದು ಹೇಗೆ? ನಾನೂ ರೈತರ ಮನೆಯಲ್ಲೇ ಬೆಳೆದವಳು. ಸೋಮವಾರ ನಮ್ಮ ಅಜ್ಜನೂ ಎತ್ತಿನ ಮೈ ತೊಳೆದು ಹಣೆಗೆ ವಿಭೂತಿ ಹಚ್ಚಿ ಬಿಡುತ್ತಿದ್ದ. ಲ್ಯಾಬಿನಲ್ಲಿ ನನಗೂ ರಜೆ ಕೊಡದವರ ನಡುವೆ ಒಂದು ಪೆಟ್ಟಿಗೆಗೆ ರಜೆ ಕೊಟ್ಟವನು ಇವನೊಬ್ಬನೇ. "ಕಾಕಾ, ಅದಕ್ಕ ಜೀವ ಇಲ್ರಿ. ನೀವು ಬಂದ್ ಮಾಡಿದ್ರ ಪಾಪ ಆ ಹುಕ್ಕೇರ್ಯಾವರು ಓಡಿ ಬರಬೇಕಾಗತೈತಿ. ಇನ್ನ ಮ್ಯಾಲ ಮಾಡಬ್ಯಾಡ್ರಿ," ಎಂದು ತಿಳಿಸಿ ಹೇಳಿದೆ. ಮುಖ ಸಣ್ಣ ಮಾಡಿಕೊಂಡು ಒಪ್ಪಿದ. ಅವತ್ತಿನ ರಜೆ ಮಾತ್ರ ಮಧ್ಯಾಹ್ನದ ತನಕ ಇರಲಿ ಎಂದು ಬಿಟ್ಟೆ.

ಅದನ್ನು ಬಸವಲಿಂಗನಿಗೆ ಹೇಳಿ ಮುಗಿಸಬೇಕಿತ್ತು. ಅವನು ಬಿಸಿಲಲ್ಲಿ ಬೆವರಿ ಬಂದ, ನೀರು ಕುಡಿದ, ನನ್ನ ಕಡೆ ನೋಡಿ, "ಇವತ್ತ ಕಮ್ಮಿ ಬೈದ್ರಿ, ಮೈಯಾಗ ಹುಷಾರೈತಿಲ್ಲೋ?" ಅಂದ. ಹೇಳಿದರೆ ಗಾಡಿ ತಿರುಗಿಸಿ ಹೋಗಿಬಿಡುತ್ತಾನೆ. ನಾಳೆ ಹೇಳಿದರಾಯಿತು ಎಂದು ಎರಡು ರೊಟ್ಟಿ ಹೆಚ್ಚಿಗೆ ತಂದಿದ್ದ ಬುತ್ತಿ ಬಿಚ್ಚಿದೆ.

ಮೂರನೇ ಸೋಮವಾರ ನಾನು ನವಿಲು ಬಣ್ಣದ ಹೊಸ ಚೂಡಿದಾರ ಹಾಕಿಕೊಂಡು, ಮಲ್ಲಿಗೆ ಮುಡಿದು ಲ್ಯಾಬಿಗೆ ಹೋದೆ. ಮಣ್ಣು ಜರಡಿ ಹಿಡಿಯುವವಳಿಗೆ ನವಿಲು ಬಣ್ಣ! ಕಂಪ್ಯೂಟರ್ ಹಚ್ಚಿದೆ. ಒಂದು ಓ ಅಂತು. ಎರಡು ಓ ಅಂತು. ಐದೂ ಶಾಲೆಯ ಹಾಜರಿ ಹೇಳಿದಂತೆ ಓ ಅಂದವು. ಕಾಕಾ ಮಾತು ಉಳಿಸಿಕೊಂಡಿದ್ದ.

ಒಂಬತ್ತೂವರೆಯಾಯಿತು. ಎಲ್ಲವೂ ಸರಿಯಾಗಿತ್ತು. ಇಷ್ಟು ಸರಿಯಾಗಿದ್ದದ್ದಕ್ಕೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಣ್ಣಿನ ಕೋಣೆಗೆ ಹೋದೆ. ಪೆಟ್ಟಿಗೆ ಪಿಳಿಪಿಳಿ ನನ್ನನ್ನೇ ನೋಡುತ್ತಿತ್ತು. ಅತ್ತ ಇತ್ತ ನೋಡಿ, ಸ್ಟೂಲ್ ಹತ್ತಿ, ಕಂಪ್ಯೂಟರಿಗೆ ಹೋಗುವ ನೀಲಿ ತಂತಿಯ ತುದಿಯನ್ನು ಹಿಡಿದು ಎಳೆದುಬಿಟ್ಟೆ. ಟಕ್ ಅಂತು. ನನ್ನ ಎದೆಯೂ ಅಷ್ಟೇ ಗಟ್ಟಿಯಾಗಿ ಟಕ್ ಅಂತು. ಇಳಿದು ತಿರುಗಿದರೆ ಬಾಗಿಲಲ್ಲಿ ದುಂಡಪ್ಪ ಕಾಕಾ, ಹೆಗಲ ಮೇಲೆ ಮಣ್ಣಿನ ಚೀಲ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಕಾಕಾ ಚೀಲ ಇಳಿಸಿ, ನನ್ನ ಮಲ್ಲಿಗೆಯನ್ನು ಒಮ್ಮೆ ನೋಡಿ ಹೋದ.

ಹುಕ್ಕೇರಿಗೆ ಫೋನ್ ಹಚ್ಚಿದೆ. ಹನ್ನೊಂದು ದಾಟಿದ ಮೇಲೆ ಹಳೇ ಬೈಕಿನ ಸದ್ದು ಕೇಳಿಸಿತು. ಓಡಿಹೋಗಿ ತಂತಿ ಮತ್ತೆ ಸಿಕ್ಕಿಸಿ, ಏದುಸಿರು ಬಿಡುತ್ತ ಕುರ್ಚಿಯಲ್ಲಿ ಬಂದು ಕೂತೆ. ಬಸವಲಿಂಗ ಬಂದ, ಕೂಗಿದ, ಐದೂ ಓ ಅಂದವು. ಈ ಸಲ ಅವನು ನಗಲಿಲ್ಲ. "ನನ್ನ ಕೈಯಾಗ ಏನೋ ತಪ್ಪೈತಿ," ಎಂದು ತನಗೆ ತಾನೇ ಹೇಳಿಕೊಂಡು, ಆರೂ ತಂತಿಗಳ ಹನ್ನೆರಡೂ ತುದಿ ಕತ್ತರಿಸಿ, ಒಳಗಿನ ಎಂಟೆಂಟು ಎಳೆ ಬಿಡಿಸಿ, ಹೊಸದಾಗಿ ಜೋಡಿಸಿದ. ಸಂಜೆ ಆರಾಯಿತು. ಬಾಜೂಕ್ಕೆ ಕೂತು ಟಾರ್ಚ್ ಹಿಡಿದವಳು ನಾನು. ಇಷ್ಟು ಖುಷಿಯಾದ ದಿನ ನನ್ನ ಆಯುಷ್ಯದಲ್ಲಿ ಬಂದಿರಲಿಲ್ಲ, ಇಷ್ಟು ನಾಚಿಕೆಯಾದ ದಿನವೂ.

ಇನ್ನು ಮಾಡಬಾರದು ಎಂದು ಆಣೆ ಹಾಕಿಕೊಂಡೆ. ನಾಲ್ಕನೇ ಸೋಮವಾರ ಒಂಬತ್ತು ನಲವತ್ತಕ್ಕೆ ಆಣೆ ಮರೆತುಹೋಯಿತು.

ಮರುದಿನ ದಾಕ್ಷಾಯಿಣಿ ಮೇಡಂ ನನ್ನನ್ನು ಕರೆದರು. ಕಂಪ್ಯೂಟರ್ ತಂತಿ ತಪ್ಪಿದ ಹೊತ್ತನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುತ್ತದಂತೆ, ಆ ಹಾಳೆ ಅವರ ಮುಂದಿತ್ತು. "ನಾಲ್ಕು ವಾರದಾಗ ನಾಲ್ಕು ಸಲ ಬಂದ್ ಬಿದ್ದೈತಿ. ಮೂಡಲಗಿ ಕೆಲಸ ಹುಬ್ಬಳ್ಳಿಯವರಿಗೆ ಕೊಡೂದು ಅಂತ ಅಧ್ಯಕ್ಷರು ಹೇಳ್ಯಾರ. ಗುರುವಾರ ಕಮಿಟಿ ಐತಿ. ಆ ಹುಡುಗನ್ನ ಕರಿಸೇನಿ, ಏನ್ ಹೇಳ್ತಾನೋ ಹೇಳಲಿ."

ಹುಚ್ಚು ಖುಷಿಯಲ್ಲಿ ತೇಲುತ್ತಿದ್ದವಳು ಧಡಕ್ಕನೆ ನೆಲಕ್ಕೆ ಬಿದ್ದೆ. ಅವನು ಬರಲಿ ಎಂದಷ್ಟೇ ತಂತಿ ಕಿತ್ತವಳು ನಾನು. ಕಿತ್ತದ್ದು ಅವನ ಮೂಡಲಗಿಯನ್ನೇ ಎಂದು ತಲೆಗೆ ಹೊಳೆದಿರಲೇ ಇಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಹೇಳಿದರೆ ನನ್ನ ನೌಕರಿ, ಮಾನ ಎರಡೂ ಹೋಗುತ್ತವೆ. ಹೇಳದಿದ್ದರೆ ಅವನ ಕೆಲಸ ಹೋಗುತ್ತದೆ.

ಗುರುವಾರ ಕಮಿಟಿಯ ಮೇಜಿನ ಮೇಲೆ ಒಂದು ತಟ್ಟೆ ಕರದಂಟು, ಚಹಾ. ಅಧ್ಯಕ್ಷ ಈಶ್ವರ ಸಾವಕಾರರು ನಡುವೆ, ಅವರ ಎರಡೂ ಬದಿಗೆ ಸದಸ್ಯರು, ತುದಿಗೆ ಮೇಡಂ. ನಾನು ಫೈಲು ಹಿಡಿದು ಗೋಡೆಗೆ ನಿಂತಿದ್ದೆ. ಬಸವಲಿಂಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ.

"ನನ್ನ ಕೆಲಸದಾಗ ತಪ್ಪು ಸಿಗವಲ್ದುರಿ ಸಾವಕಾರ್ರ," ಎಂದು ಅವನು ಹಾಳೆ ತೋರಿಸಿದ. "ಮೊದಲ ಎರಡು ಸೋಮವಾರ ಒಂಬತ್ತಕ್ಕ ಕಂಪ್ಯೂಟರ್ ಹಚ್ಚಿದಾಗನ ತಪ್ಪಿತ್ತು, ಹನ್ನೆರಡಕ್ಕ ಕೂಡೈತಿ. ಆಮ್ಯಾಲಿನ ಎರಡು ಒಂಬತ್ತೂ ನಲವತ್ತಕ್ಕ ತಪ್ಪಿ, ನಾ ಬರೂ ಹೊತ್ತಿಗೆ ಕೂಡೈತಿ. ಯಾಕಂತ ನನಗ ತಿಳೀವಲ್ದು. ಬೇಕಂದ್ರ ಎಲ್ಲಾ ತಂತಿ ಕಿತ್ತು ಹೊಸಾವು ಹಾಕಿ ಕೊಡ್ತೇನಿ. ಕೆಲಸ ಕೊಡದಿದ್ರೂ ನಡೀತೈತಿ, ಕೆಟ್ಟ ಕೆಲಸ ಮಾಡಿದ ಅಂತ ಮಾತ್ರ ಅನ್ನಬ್ಯಾಡ್ರಿ."

ಚಹಾದ ಕಪ್ಪು ಎತ್ತಲು ಬಂದಿದ್ದ ದುಂಡಪ್ಪ ಕಾಕಾ ನಡುವೆ ಬಂದು ನಿಂತುಬಿಟ್ಟ. "ಅವಂದು ತಪ್ಪಿಲ್ರಿ ಸಾವಕಾರ್ರ. ಪೆಟ್ಟಿಗಿ ಬಂದ್ ಮಾಡಿದಾಂವ ನಾನು. ಸೋಮವಾರ ಬಸವಣ್ಣನ ವಾರ ಅಂತ ವಿಶ್ರಾಂತಿ ಕೊಟ್ಟೆ. ನಾಲ್ಕೂ ಸಲ ನಾನ."

ನಾಲ್ಕೂ! ನನ್ನ ಕೈಯಲ್ಲಿದ್ದ ಫೈಲು ಜಾರಿತು. ಕಾಕಾ ನನ್ನ ಕಡೆ ನೋಡಲೇ ಇಲ್ಲ.

ಸಾವಕಾರರಿಗೆ ಮೊದಲು ಅರ್ಥವಾಗಲಿಲ್ಲ, ಅರ್ಥವಾದಾಗ ಮುಖ ಕೆಂಪಾಯಿತು. "ಅಲ್ಲೋ ದುಂಡಪ್ಪ, ಕರೆಂಟಿನ ಡಬ್ಬಿಗೆ ಎಂಥಾ ಸೋಮವಾರೋ? ಒಬ್ಬ ಮನುಷ್ಯಾನ ಕೆಲಸ ಹೋಗತಿತ್ತು ನಿನ್ನಿಂದ. ನಾಳಿಂದ ಬರಬ್ಯಾಡ ನೀ."

"ಇಲ್ರಿ," ಅಂದ ಬಸವಲಿಂಗ. ಹಾಳೆಯನ್ನೇ ನೋಡುತ್ತಿದ್ದ. "ನಾಲ್ಕನೇ ಸಲದ್ದು ಕಾಕಾಂದಲ್ಲ. ಅವತ್ತ ಒಂಬತ್ತರಿಂದ ಇವರು ಘಟಪ್ರಭಾ ಸ್ಟೇಶನ್ನಿನ್ಯಾಗ ಪಾರ್ಸಲ್ ಕಾಯಕೋತ ಕುಂತಿದ್ರು. ಅಲ್ಲಿಂದ ನನ್ನ ಗಾಡಿ ಮ್ಯಾಲ ಕರಕೊಂಡು ಬಂದೇನಿ."

"ಹೌದು, ನಾನ ಕಳಿಸಿದ್ದೆ," ಅಂದರು ಮೇಡಂ. "ಯಾಕ ಸುಳ್ಳ ಹೇಳ್ತಿ ದುಂಡಪ್ಪ? ಯಾರನ್ನ ಉಳಸಾಕತ್ತಿ?"

ಕಾಕಾ ತಲೆ ತಗ್ಗಿಸಿ ಕಪ್ಪು ಎಣಿಸತೊಡಗಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಬರೆಗೆ ತಾನಾಗಿಯೇ ಬೆನ್ನು ಒಡ್ಡಿ ನಿಂತ ಮುದುಕನನ್ನು ನೋಡಿದೆ. ಸಿಟ್ಟು ಬಂತು, ಈ ಸಲ ಸರಿಯಾದ ವಿಳಾಸಕ್ಕೆ.

"ಎರಡು ಕಾಕಾಂದು, ಎರಡು ನಂದು!" ಎಂದು ಕೂಗಿದೆ. ಅಷ್ಟು ಜೋರಾಗಿ ಕೂಗಬೇಕೆಂದು ಇರಲಿಲ್ಲ. "ಕಾಕಾಗ ನಾ ಹೇಳಿದ ಕೂಡ್ಲೆ ಬಿಟ್ಟಾರ. ಆಮ್ಯಾಲಿನ ಎರಡು ಸೋಮವಾರ ತಂತಿ ಕಿತ್ತಾಕಿ ನಾನು. ಗಾಡಿ ಸಪ್ಪಳ ಕೇಳಿದ ಕೂಡ್ಲೆ ಮತ್ತ ಹಚ್ಚಿದಾಕೀನೂ ನಾನ. ತೆಗೀಯೂದಿದ್ರ ನನ್ನ ತೆಗೀರಿ. ಮೂಡಲಗಿ ಕೆಲಸ ಇವರಿಗೆ ಕೊಡ್ರಿ. ಇವರ ತಂತಿ ಒಮ್ಮಿನೂ ತಪ್ಪಿಲ್ಲ."

ಸಾವಕಾರರು ಬಾಯಿಗೆ ಕರದಂಟು ಹಾಕಿಕೊಂಡಿದ್ದರು. ಅಗಿಯುವುದು ನಿಂತಿತು. "ಯಾಕ ಕಿತ್ತಿ ತಂಗಿ? ಇವನ ಮ್ಯಾಲ ಏನ್ ದ್ವೇಷ ನಿನಗ?"

"ದ್ವೇಷ ಇಲ್ರಿ. ತಂತಿ ತಪ್ಪಿದ್ರ ಇವರು ಬರ್ತಾರಲ್ಲ, ಅದಕ್ಕ."

ಸದಸ್ಯರಿಬ್ಬರೂ ತಟ್ಟೆಯೊಳಗೆ ಏನೋ ಕಳೆದುಕೊಂಡವರಂತೆ ತಟ್ಟೆಯನ್ನೇ ನೋಡಿದರು. ಸಾವಕಾರರ ಹೊಟ್ಟೆ ಮೊದಲು ಕುಣಿಯಿತು, ಆಮೇಲೆ ಹೆಗಲು, ಕೊನೆಗೆ ಕರದಂಟು ನೆತ್ತಿಗೇರಿ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಮೇಡಂ ಎದ್ದು ಅವರ ಬೆನ್ನು ಗುದ್ದುತ್ತ ನನಗೆ ಹೇಳಿದರು. "ತಪ್ಪಾತು ಅಂತ ಬರದು ಕೊಡು. ಕಾರಣ ಅಂತ ಇರತೈತಲ್ಲ, ಅಲ್ಲಿ ಖರೇದ್ದನ್ನ ಬರಿ. ಫೈಲಿನ್ಯಾಗ ಇಡಬೇಕು." ಅವರ ಮುಖದಲ್ಲಿ ನಗು ಇರಲಿಲ್ಲ, ಆದರೆ ಕೈ 'ಹೊರಗೆ ಹೋಗು' ಎಂದು ಸನ್ನೆ ಮಾಡುತ್ತಿತ್ತು.

ತಿರುಗಿ ನೋಡಿದರೆ ಬಸವಲಿಂಗ ನಿಂತಿದ್ದ ಜಾಗ ಖಾಲಿ.

ಹೊರಗೆ ಓಡಿದೆ. ಅವನು ಬೇವಿನ ನೆರಳಲ್ಲಿ ಬೈಕಿನ ಮೇಲೆ ಕೂತು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಿದ್ದ. ಮುಖ ಗಂಟಿಕ್ಕಿತ್ತು. ಮೇಜಿನ ಕೆಳಗೆ ಮಲಗಿದಾಗಲೂ ಇಲ್ಲದ ಸಿಟ್ಟು.

"ತಪ್ಪಾತ್ರಿ," ಅಂದೆ. ನನ್ನ ಬಾಯಿಗೆ ರೂಢಿ ಇಲ್ಲದ ಮಾತು, ಅರ್ಧ ಉಗುಳಿನಲ್ಲೇ ಹೋಯಿತು.

"ತಂತೀದು ಹನ್ನೆರಡು ತುದಿ ಬಿಚ್ಚಿ ಕಟ್ಟೇನ್ರಿ ನಾನು. ಮನ್ಯಾಗ ಕುಂತು ಮತ್ತ ಹನ್ನೆರಡು ಮಾಡಿ ನೋಡೇನಿ. ನನಗ ಕೆಲಸಾನ ಬರಾಂಗಿಲ್ಲೇನು ಅಂತ ಅನಿಸಾಕ ಹತ್ತಿತ್ತು. ಗೊತ್ತೈತೇನ್ರಿ ನಿಮಗ?"

"ಗೊತ್ತಾತ್ರಿ. ಬೈರಿ. ಇನ್ನೂ ಬೈರಿ."

ಅವನು ಬೈಯಲಿಲ್ಲ. ಪಟ್ಟಿ ಬಿಟ್ಟು ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ, "ಅಲ್ರಿ, ಒಂದು ಫೋನ್ ಮಾಡಿ ಬರ್ರಿ ಅಂದಿದ್ರ ಸಾಕಿತ್ತಲ್ಲ," ಅಂದ. "ಯಾಕ ಅಂತ ಕೇಳತಿದ್ದಿಲ್ಲ ನಾನು. ಹಂಗ ಬರತಿದ್ದೆ."

ನನ್ನ ತಲೆಯೊಳಗೆ ಐದೂ ಯಂತ್ರ ಒಮ್ಮೆಲೇ ಕೂಗಿದಂತಾಯಿತು. ಎರಡು ರಾತ್ರಿಯ ನಿದ್ದೆ, ನವಿಲು ಬಣ್ಣದ ಚೂಡಿದಾರ, ಸ್ಟೂಲ್ ಹತ್ತಿ ಇಳಿದದ್ದು, ಕಮಿಟಿಯ ಮುಂದೆ ಹೋದ ಮಾನ, ಎಲ್ಲ ಸೇರಿ ಹೊರಬಂತು.

"ಮತ್ತ ಅದನ್ನ ಮೊದಲ ಹೇಳಾಕ ಏನಾಗಿತ್ರಿ ನಿಮಗ?"

ಕಮಿಟಿಯ ಕೋಣೆಯ ಕಿಟಕಿ ತೆರೆಯಿತು. ಸಾವಕಾರರು, ಸದಸ್ಯರು, ಮೇಡಂ, ಅವರ ಹಿಂದೆ ಚಹಾದ ತಟ್ಟೆ ಹಿಡಿದ ದುಂಡಪ್ಪ ಕಾಕಾ, ಎಲ್ಲರೂ ಸಾಲಾಗಿ ನಿಂತರು. ನಿಲ್ಲಲಿ, ಇನ್ನೇನು ಉಳಿದಿತ್ತು ಮುಚ್ಚಿಡಲು? "ಮೂಡಲಗಿ ಕೆಲಸ ನಿಂದಪಾ!" ಎಂದು ಸಾವಕಾರರು ಕಿಟಕಿಯಿಂದಲೇ ಕೂಗಿದರು. ಬಸವಲಿಂಗ ಅವರ ಕಡೆ ತಿರುಗಲಿಲ್ಲ. ಆ ಮಾತು ಅವನ ಕಿವಿಗೆ ಬಿದ್ದಿತೋ ಇಲ್ಲವೋ.

"ಬರ್ರಿ ಹಂಗಾರ," ಅಂದೆ.

"ಎಲ್ಲಿಗ್ರಿ?"

"ಯಮಕನಮರಡಿಗೆ. ನಮ್ಮಪ್ಪಗ ಭೇಟಿ ಆಗಾಕ."

"ಯಾಕ..." ಎಂದು ಬಾಯಿ ತೆರೆದವನು ಅಷ್ಟಕ್ಕೇ ನುಂಗಿಕೊಂಡ. ಕಿವಿಯವರೆಗೂ ಕೆಂಪಾಗಿ, ಹಿಂದಿನ ಸೀಟನ್ನು ತೋಳಿನಿಂದ ಒರೆಸಿದ. ನಾನು ಹತ್ತಿ ಕೂತೆ. ಅವನು ಕಿಕ್ ಹೊಡೆದ, ಗಾಡಿ ಚಾಲೂ ಆಗಲಿಲ್ಲ. ಮತ್ತೆ ಹೊಡೆದ, ಆಗಲಿಲ್ಲ. ಬಗ್ಗಿ ಪೆಟ್ರೋಲ್ ನೋಡಿದ, ಪ್ಲಗ್ಗಿನ ತಂತಿ ಅಲ್ಲಾಡಿಸಿದ, ಬೆವರು ಒರೆಸಿಕೊಂಡು ಮೂರನೇ ಸಲ ಹೊಡೆದ.

"ಕೀಲಿ ತಿರುವಿಲ್ರಿ," ಅಂದೆ ನಾನು.